ಲಾಯರ್ ಅಂತಾನಾ? ಸನ್ನದು ನಂಬರ್ ಕೇಳಿ

ಸಂಘದ ಸಾಲ, ಆ್ಯಪ್ ಸಾಲ ಮಾಡಿಕೊಂಡ ಅಕ್ಕಂದಿರೇ, ಅಣ್ಣಂದಿರೇ,

ಎರಡು ಕಂತು ತಪ್ಪಿದರೆ ಸಾಕು, ಫೋನ್ ಬರುತ್ತದೆ. “ಹೈಕೋರ್ಟ್ ಅಡ್ವೊಕೇಟ್ ಮಾತಾಡ್ತಿರೋದು. ನಿನ್ನ ಮೇಲೆ ಕೇಸ್ ಆಗಿದೆ. ಸಂಜೆ ಐದರೊಳಗೆ ಕಟ್ಟದಿದ್ರೆ ವಾರಂಟ್.” ಹಿಂದೆಯೇ ವಾಟ್ಸ್ಆ್ಯಪ್‌ಗೆ ಒಂದು ಕಾಗದ. ಮೇಲೆ ತಕ್ಕಡಿ ಚಿತ್ರ, ಕೆಂಪಕ್ಷರದಲ್ಲಿ ‘ಕೊನೆಯ ನೋಟಿಸ್’, ಕೆಳಗೆ ಗೀಚಿದ ಸಹಿ. ಕೇಸ್ ನಂಬರಿಲ್ಲ, ವಕೀಲರ ವಿಳಾಸವಿಲ್ಲ. ದುಡ್ಡು ಹಾಕಲು ಕ್ಯೂಆರ್ ಕೋಡ್ ಮಾತ್ರ ತಪ್ಪದೆ ಇರುತ್ತದೆ! ಇಂಥ ‘ಅಡ್ವೊಕೇಟ್’ ಕಮಿಷನ್ನಿಗೆ ದುಡಿಯುವ ವಸೂಲಿ ಏಜೆಂಟ್. ಅವನ ಮಾತಿಗೆ ಹೆದರಿ ನಾವು ಓಲೆ ಅಡವಿಡುತ್ತೇವೆ, ಮೀಟರ್ ಬಡ್ಡಿಗೆ ಕೈಯೊಡ್ಡುತ್ತೇವೆ.

ಕಂತು ಕಟ್ಟಲಾಗದ್ದಕ್ಕೆ ಪೊಲೀಸರು ಹಿಡಿದೊಯ್ಯುವಂತಿಲ್ಲ. ಅದು ಸಿವಿಲ್ ವ್ಯಾಜ್ಯ. ಚೆಕ್ ಬೌನ್ಸ್ ಆದರೆ ಮಾತು ಬೇರೆ. ಅಲ್ಲೂ ಮೊದಲು ಲಿಖಿತ ನೋಟಿಸ್, ಹಣ ಕಟ್ಟಲು 15 ದಿನ, ಆಮೇಲಷ್ಟೇ ಕೋರ್ಟು. ಸಂಜೆ ಐದರ ವಾರಂಟ್ ಯಾವ ಕಾನೂನಿನಲ್ಲೂ ಇಲ್ಲ.

ಅಂಥವನಿಗೆ ಎರಡೇ ಪ್ರಶ್ನೆ ಹಾಕಿ. ನಿಮ್ಮ ಸನ್ನದು ನಂಬರ್ ಎಷ್ಟು? ಕೇಸ್ ನಂಬರ್ ಎಷ್ಟು, ಯಾವ ಕೋರ್ಟು? ನಿಜವಾದ ವಕೀಲರಾದರೆ ಹೇಳಲು ಹಿಂಜರಿಯುವುದಿಲ್ಲ. ಸನ್ನದನ್ನು ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು, ಕೇಸನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಬಹುದು. ನೋಟಿಸ್ ಅಸಲಿಯಾದರೆ ಮಾತ್ರ ಸುಮ್ಮನೆ ಕೂರಬೇಡಿ, ಉತ್ತರ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ: 15100ಕ್ಕೆ ಕರೆ ಮಾಡಿ.

ಸಾಲ ಮುಳುಗಿಸಿ ಎನ್ನುತ್ತಿಲ್ಲ. ಪಡೆದದ್ದನ್ನು ತೀರಿಸೋಣ, ಆದರೆ ಸುಳ್ಳಿಗೆ ಹೆದರಿ ಅಲ್ಲ. ತಾನಲ್ಲದವನಾಗಿ ನಟಿಸಿ ವಂಚಿಸಿದರೆ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಡಿ 5 ವರ್ಷದವರೆಗೆ ಜೈಲಾಗಬಹುದು. ಕಿರುಸಾಲದ ಬಲವಂತದ ವಸೂಲಿ ತಡೆಯಲೆಂದೇ ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ ಶಿಕ್ಷೆ 10 ವರ್ಷದವರೆಗೂ ಇದೆ. ಇಷ್ಟಿದ್ದೂ ಠಾಣೆಗೆ ಹೋದರೆ “ಸಾಲ ತಗೊಂಡಿದ್ದು ನೀನೇ ಅಲ್ವೇನಮ್ಮಾ?” ಎಂದು ಕೇಳಿದರೆ ಹೇಗೆ? ದೂರು ಸಾಲದ ಮೇಲಲ್ಲ ಸ್ವಾಮಿ, ವೇಷದ ಮೇಲೆ. ಎಫ್‌ಐಆರ್ ಆಗಲಿ. ಅದರಲ್ಲಿ ಏಜೆಂಟನ ಹೆಸರಷ್ಟೇ ಅಲ್ಲ, ಅವನನ್ನು ಬಿಟ್ಟ ಕಂಪನಿಯ ಹೆಸರೂ ಬರಲಿ. ಏಜೆಂಟ್ ಮಾಡಿದ್ದಕ್ಕೆ ಸಾಲ ಕೊಟ್ಟವರೇ ಹೊಣೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಲೆಟರ್‌ಹೆಡ್ ಬಾಡಿಗೆಗೆ ಕೊಡುವ ವಕೀಲರಿದ್ದರೆ ಅವರನ್ನೂ ಪರಿಷತ್ತು ವಿಚಾರಿಸಲಿ.

ಕರೆ ರೆಕಾರ್ಡ್ ಮಾಡಿಕೊಳ್ಳಿ, ನೋಟಿಸ್ ಅಳಿಸಬೇಡಿ. ಮುಂದಿನ ಸಂಘದ ಸಭೆಗೆ ಫೋನ್ ತನ್ನಿ, ಎಲ್ಲರೂ ಸೇರಿ ಠಾಣೆಗೆ ಹೋಗೋಣ.