ಬೆಂಚಿನಿಂದ ಎದ್ದುಬಂದ ಕೋಚ್

ಎನ್‌ಬಿಎ ಬಾಸ್ಕೆಟ್‌ಬಾಲ್‌ನ ಮಹಾತಾರೆಗಳ ಸಾಲಿನಲ್ಲಿ ಸ್ಟೀವ್ ಕರ್ ಹೆಸರು ಬರುವುದಿಲ್ಲ. 15 ಋತುಗಳ ಕಾಲ ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಕಣಕ್ಕಿಳಿದವರು ಅವರು. ಆದರೆ ಮೂರು ಪಾಯಿಂಟ್‌ ಎಸೆತಗಳಲ್ಲಿ ಶೇ 45.4ರ ನಿಖರತೆ ಸಾಧಿಸಿದ ದಾಖಲೆ ಅವರದೇ. 1997ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಶಿಕಾಗೊ–ಯೂಟಾ 86–86ರಿಂದ ಸಮಸಮ. ಎದುರಾಳಿಗಳು ಮೈಕೆಲ್ ಜೋರ್ಡನ್‌ಗೆ ಮುತ್ತಿಗೆ ಹಾಕಿದರು, ಜೋರ್ಡನ್ ಚೆಂಡನ್ನು ಕರ್ ಕೈಗೆ ದಾಟಿಸಿದರು. ಐದೇ ಸೆಕೆಂಡ್ ಉಳಿದಿದ್ದಾಗ ಅದು ಬುಟ್ಟಿ ಸೇರಿತು, ಪ್ರಶಸ್ತಿ ಶಿಕಾಗೊ ಪಾಲಾಯಿತು. ಆಟಗಾರನಾಗಿ ಐದು ಪ್ರಶಸ್ತಿ ಗೆದ್ದು 2003ರಲ್ಲಿ ನಿವೃತ್ತರಾದ ಕರ್, ಟಿ.ವಿ. ವೀಕ್ಷಕ ವಿವರಣೆ, ಫೀನಿಕ್ಸ್ ತಂಡದ ಜನರಲ್ ಮ್ಯಾನೇಜರ್ ಹುದ್ದೆ ಎಲ್ಲ ಮುಗಿಸಿ 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆದಾಗ ತರಬೇತಿಯ ಅನುಭವ ಸೊನ್ನೆ. ಮೊದಲ ವರ್ಷವೇ ತಂಡ ಫೈನಲ್ಸ್ ತಲುಪಿ 1–2ರಿಂದ ಹಿಂದೆ ಬಿತ್ತು. ಕಿರಿಯ ಸಹಾಯಕನೊಬ್ಬನ ಸಲಹೆಗೆ ಕಿವಿಗೊಟ್ಟ ಕರ್, ಎತ್ತರದ ಆಂಡ್ರ್ಯೂ ಬೋಗಟ್ ಬದಲು ಆಂಡ್ರೆ ಇಗುಡಾಲಾ ಅವರನ್ನು ಆರಂಭದಲ್ಲೇ ಇಳಿಸಿದರು. ಮುಂದಿನ ಮೂರೂ ಪಂದ್ಯ ಗೆದ್ದದ್ದಾಯಿತು, ಇಗುಡಾಲಾ ಸರಣಿಯ ಶ್ರೇಷ್ಠ ಆಟಗಾರರೂ ಆದರು. ಅಲ್ಲಿಂದ 2022ರೊಳಗೆ ಕರ್ ತಂಡ ಇನ್ನೂ ಮೂರು ಬಾರಿ ಪ್ರಶಸ್ತಿ ಎತ್ತಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್.