ಆನ್‌ಲೈನ್ ಪದವಿ: ಸೇರಿದವರೆಷ್ಟು, ಮುಗಿಸಿದವರೆಷ್ಟು?

ಮದುವೆಯಾದ ಬಳಿಕ ಓದು ನಿಲ್ಲಿಸಿದ ಮಗಳು, ಪಿಯುಸಿ ಮುಗಿಸಿ ಅಂಗಡಿಯಲ್ಲಿ ಕುಳಿತ ಮಗ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ತಮ್ಮ- ಇವರಿಗೆಲ್ಲ ಆನ್‌ಲೈನ್ ಪದವಿಯು ಇಂದು ದೊಡ್ಡ ಆಸರೆಯಾಗಿ ಕಾಣುತ್ತಿದೆ. ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗಳಿಗೆ ಸಮಾನವೆಂದು ಯುಜಿಸಿಯು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಇದು ಸ್ವಾಗತಾರ್ಹ. ಆದರೆ ಕಾಗದದ ಮೇಲಿನ ಈ ಸಮಾನತೆ ಕಲಿಕೆಯಲ್ಲಿಯೂ ಇದೆಯೇ?

ಗುಣಮಟ್ಟದ ಮೇಲಿನ ಹಿಡಿತ ಸಡಿಲಗೊಂಡರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯ ಕಂಡಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ರಾಜ್ಯದ ಗಡಿಯಾಚೆಗೂ ಕೋರ್ಸುಗಳನ್ನು ನಡೆಸಿತು. ತನ್ನ ಮಾನ್ಯತೆಯು 2012-13ರ ನಂತರಕ್ಕೆ ಅನ್ವಯಿಸದೆಂದು ಯುಜಿಸಿ 2015ರ ಜೂನ್‌ನಲ್ಲಿ ಸಾರಿದಾಗ, ಅದಾಗಲೇ ಶುಲ್ಕ ಕಟ್ಟಿ, ಪರೀಕ್ಷೆ ಬರೆದಿದ್ದವರು ಅತಂತ್ರರಾದರು. 2018ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಮರಳಿತು. ಆದರೆ ನಡುವಿನ ವರ್ಷಗಳನ್ನು ಕಳಕೊಂಡವರಿಗೆ ಅವನ್ನು ಮರಳಿಸುವವರಾರು? ಮಾಡಿದ ತಪ್ಪು ಒಬ್ಬರದು, ತೆತ್ತ ಬೆಲೆ ಇನ್ನೊಬ್ಬರದು.

ಈಗ ನಿಯಮಗಳು ಬಿಗಿಯಾಗಿವೆ ನಿಜ. 2020ರ ನಿಯಮಾವಳಿಯು ಆನ್‌ಲೈನ್ ಪದವಿ ನೀಡಬಯಸುವ ವಿಶ್ವವಿದ್ಯಾನಿಲಯಕ್ಕೆ ನ್ಯಾಕ್‌ನಲ್ಲಿ 4ಕ್ಕೆ ಕನಿಷ್ಠ 3.01 ಅಂಕವನ್ನು ಅಥವಾ ರಾಷ್ಟ್ರೀಯ ಶ್ರೇಯಾಂಕದ ಮೊದಲ ನೂರರಲ್ಲಿ ಸ್ಥಾನವನ್ನು ಕಡ್ಡಾಯಗೊಳಿಸಿತು. ಇಂಜಿನಿಯರಿಂಗ್, ವೈದ್ಯಕೀಯ, ಕಾನೂನು ಮುಂತಾದವನ್ನು ಹೊರಗಿಟ್ಟಿತು. ಆಂತರಿಕ ಗುಣಮಟ್ಟ ಖಾತರಿ ಕೇಂದ್ರವೊಂದು ಇರಲೇಬೇಕೆಂದಿತು. ಆದರೆ ನ್ಯಾಕ್ ಅಂಕವು ಬಹುಮಟ್ಟಿಗೆ ಕ್ಯಾಂಪಸ್‌ನೊಳಗಿನ ಬೋಧನೆಗೆ ಸಿಕ್ಕಿದ ಅಂಕ. ಇನ್ನು ಆಂತರಿಕ ಕೇಂದ್ರವೋ, ವಿಶ್ವವಿದ್ಯಾನಿಲಯವು ತನ್ನನ್ನು ತಾನೇ ಅಳೆಯುವ ಮಾಪಕ. ರಾತ್ರಿ ಹತ್ತು ಗಂಟೆಗೆ ಮಗುವನ್ನು ಮಲಗಿಸಿ ಮೊಬೈಲ್ ತೆರೆಯುವ ತಾಯಿಯೊಬ್ಬಳು ಲೆಕ್ಕಶಾಸ್ತ್ರದ ಸಂದೇಹವೊಂದನ್ನು ಬರೆದು ಕಳುಹಿಸಿದರೆ ಉತ್ತರಿಸುವವರಿದ್ದಾರೆಯೇ ಎಂಬುದು ಈ ಯಾವ ಅಂಕದಿಂದಲೂ ತಿಳಿಯದು.

ವಸ್ತುತಃ ವಿದ್ಯಾರ್ಥಿಯ ಯಶಸ್ಸು ನಿಂತಿರುವುದೇ ಅಲ್ಲಿ. ಅಮೆರಿಕದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾನಿಲಯವು 2013ರಲ್ಲಿ ಯುಡಾಸಿಟಿ ಎಂಬ ಕಂಪೆನಿಯೊಂದಿಗೆ ಸೇರಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಆನ್‌ಲೈನ್ ಕೋರ್ಸುಗಳನ್ನು ಆರಂಭಿಸಿತು. ಮೊದಲ ಅವಧಿಯಲ್ಲಿ ತೇರ್ಗಡೆಯಾದವರ ಪ್ರಮಾಣವು ತರಗತಿಯಲ್ಲಿ ಕಲಿತವರದ್ದಕ್ಕಿಂತ ಬಹಳ ಕಡಿಮೆಯಿತ್ತು. ಅದೇ ಜುಲೈಯಲ್ಲಿ ಯೋಜನೆಗೆ ತಡೆ ಬಿತ್ತು. ಸೇರಿದವರಲ್ಲಿ ಹಲವರು ಈ ಹಿಂದೆ ಗಣಿತದಲ್ಲಿ ಅನುತ್ತೀರ್ಣರಾಗಿದ್ದವರು, ಕೆಲವರು ಹೈಸ್ಕೂಲಿನ ಮಕ್ಕಳು.  ಯಾರಿಗೆ ಗುರುವಿನ ಅಗತ್ಯ ಹೆಚ್ಚಿತ್ತೋ ಅವರನ್ನೇ ಪರದೆಯ ಮುಂದೆ ಕೂರಿಸಲಾಗಿತ್ತು. ನಮ್ಮಲ್ಲಿ ಓದು ಬಿಟ್ಟು ಮರಳಿ ಬರುವವರೂ ಅಂಥವರೇ ಅಲ್ಲವೇ?

ಇದಾವುದೂ ಆನ್‌ಲೈನ್ ಶಿಕ್ಷಣದ ವಿರುದ್ಧದ ಮಾತಲ್ಲ. ಪೇಟೆಯ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕಾದ ಊರಿನವರಿಗೆ ಅದರ ಬೆಲೆ ಗೊತ್ತು. ಆದರೆ ಪ್ರವೇಶದ ಋತುವಿನಲ್ಲಿ ದಿನಕ್ಕೆ ಮೂರು ಬಾರಿ ಫೋನ್ ಮಾಡುವ ಏಜೆಂಟರ ಮಾತು ಶುಲ್ಕ ಮತ್ತು ಕಂತಿನ ಆಚೆಗೆ ಹೋಗುವುದಿಲ್ಲ. ಫ್ರಾಂಚೈಸಿ ಮಾದರಿಯ ಪ್ರವೇಶಕ್ಕೆ ಅವಕಾಶವಿಲ್ಲವೆಂದು ಯುಜಿಸಿ 2022ರ ಜನವರಿಯಲ್ಲೇ ಎಚ್ಚರಿಸಿದೆ. ಈ ಕೋರ್ಸಿಗೆ ಈ ವರ್ಷ ಅನುಮತಿಯಿದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಹೆತ್ತವರು ತಾವೇ ನೋಡಬೇಕು. ಬಳಿಕ ಏಜೆಂಟರನ್ನಲ್ಲ, ವಿಶ್ವವಿದ್ಯಾನಿಲಯವನ್ನೇ ಕೇಳಬೇಕು: ಮೂರು ವರ್ಷದ ಹಿಂದೆ ಈ ಕೋರ್ಸಿಗೆ ಸೇರಿದವರೆಷ್ಟು, ಅವರಲ್ಲಿ ಪದವಿ ಪಡೆದವರೆಷ್ಟು? ಸಂದೇಹ ಕೇಳಿದರೆ ಎಷ್ಟು ದಿನದಲ್ಲಿ, ಯಾರು ಉತ್ತರಿಸುತ್ತಾರೆ? ಉತ್ತರ ಲಿಖಿತವಾಗಿ ಕೈಸೇರುವವರೆಗೆ ಮೊದಲ ಕಂತನ್ನು ಕಟ್ಟುವ ಅವಸರ ಬೇಡ.