ಗಣಿಯ ಧೂಳು ಹೊಲಕ್ಕೆ, ಹಣ ಎಲ್ಲಿಗೆ?

ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಬೆಂಗಳೂರು ದಕ್ಷಿಣದ ಬೇಗೂರು ಇಂದು ಮಹಾನಗರದ ಭಾಗ. ಅಲ್ಲಿ ಏಳುವ ಮನೆಗಳಿಗೆ ಜಲ್ಲಿಯೂ ಬೇಕು, ಕಬ್ಬಿಣವೂ ಬೇಕು. ಅವು ಬರುವುದು ಯಾವುದೋ ಊರಿನ ಗುಡ್ಡ ಅಗೆದು. ಆ ಊರಿನ ರೈತನಿಗೆ ಉಳಿಯುವುದೇನು?

ಬಳ್ಳಾರಿ ಜಿಲ್ಲೆಯನ್ನೇ ನೋಡಿ. ಸಂಡೂರಿನ ಸುತ್ತ ಅದಿರಿನ ಲಾರಿಗಳ ಕೆಂಪು ಧೂಳು ಬೆಳೆಯ ಮೇಲೆ ಕೂತಿತು. ಗಣಿಯ ಮಣ್ಣು ಮಳೆನೀರಿನೊಡನೆ ಹಳ್ಳ ಸೇರಿತು. 2011ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಅಕ್ರಮವನ್ನು ಬಯಲಿಗೆಳೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಮಿತಿ ಹಾಕಿ, ಷರತ್ತಿನ ಮೇಲೆ ಬಿಟ್ಟಿತು.

2015ರ ತಿದ್ದುಪಡಿ ಕಾಯಿದೆಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಇದಕ್ಕೂ ಹಣ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಶಾಲೆ, ಪರಿಸರ ರಕ್ಷಣೆಗೆ ಅದು ಮೊದಲು ಸಲ್ಲಬೇಕು. ಆದರೆ ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟು ಕಟ್ಟಿದರೆ, ಹರಾಜಿನಲ್ಲಿ ಪಡೆದವರು ಕಟ್ಟುವುದು ಶೇ. 10 ಮಾತ್ರ. ಹರಾಜಿನ ಹೆಚ್ಚುವರಿ ಹಣ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಧೂಳು ಮಾತ್ರ ಎರಡೂ ಕಡೆ ಒಂದೇ!

ನೀತಿ ತಿದ್ದಬೇಕಾದುದು ಇಲ್ಲಿಯೇ. ಬಾಧಿತ ಊರಿನ ಪಾಲು ಎಲ್ಲ ಗಣಿಗಳಿಗೂ ಶೇ. 30 ಆಗಲಿ. ಅಲ್ಲಿಯವರೆಗೆ, ಪಕ್ಕದಲ್ಲಿ ಗಣಿ ಇರುವವರು ಗ್ರಾಮಸಭೆಗೆ ತಪ್ಪದೆ ಹೋಗಿ. ನಿಮ್ಮ ಊರು ಬಾಧಿತ ಪಟ್ಟಿಯಲ್ಲಿದೆಯೇ, ಹಣ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಕೇಳದವರ ಪಾಲಿಗೆ ಉಳಿಯುವುದು ಧೂಳೊಂದೇ.